ಹೆಪ್ಪು ಹಾಕುವ ತನಕ

ಇವತ್ತು ಬೆಳಗ್ಗೆ ಎದ್ದು ಹಾಲು ಕಾಯಿಸಿದೆ. ಎರಡು ಚಾದರ, ನಾಲ್ಕು ದಿಂಬಿನ ಗಲೀಫು ಒಗೆದು ಹಾಕಿದೆ. ನೆನೆಸಿದ ಹೆಸರುಕಾಳು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ಗ್ಯಾಸಿನ ಪೈಪಿಗೆ ಹೊಸ ಕ್ಲಿಪ್ಪು ಹಾಕಿಸಿದೆ. ಒಂಬತ್ತೂವರೆ ಬಸ್ಸಿಗೆ ಹಳಿಯಾಳಕ್ಕೆ ಹೋಗಿ ಹೊಸ ಚಷ್ಮಾ ತಂದೆ. ಎಡಗಣ್ಣಿನ ನಂಬರು ಏರಿದೆಯಂತೆ. ಮಧ್ಯಾಹ್ನ ದಾಂಡೇಲಿಗೆ ತಿರುಗಿ ಬಂದು ನಮ್ಮ ಮಹಡಿಯ ಮೇಲಿನ ಬಾಡಿಗೆ ಮನೆಯನ್ನು ಗುಡಿಸಿ ಒರೆಸಿದೆ. ನಾಳೆ ಸಿಸ್ಟರ್ ಅವರ ತಂಗಿ ಚಿಗಳ್ಳಿಯಿಂದ ಬಂದು ಸಾಮಾನು ಒಯ್ಯುತ್ತಾರೆ.

ಸಿಸ್ಟರ್ ಎಂದರೆ ಮೂರು ವರ್ಷ ಆ ಮನೆಯಲ್ಲಿದ್ದ ನಿವೃತ್ತ ನರ್ಸು. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಮೂಗು. ಯಾರ ಮನೆಯಲ್ಲಿ ಏನು ಕೊಟ್ಟರೂ ಕುಡಿಯುವ ಮೊದಲು ಖಾಲಿ ಲೋಟ ಕೇಳಿ ಪಡೆದು, ಅದರೊಳಗೆ ಮೂಗನ್ನು ಪೂರ್ತಿ ಇಳಿಸಿ, ಕಣ್ಣು ಮುಚ್ಚಿ ಒಂದು ಉಸಿರು ಎಳೆಯುತ್ತಿದ್ದರು. ಅಗಲವಾದ ಕಪ್ಪು ಮೂಗು, ಸುತ್ತ ಲೋಟದ ಸ್ಟೀಲಿನ ಅಂಚು. ವಾಸನೆ ಸರಿ ಅನ್ನಿಸಿದರೆ ಲೋಟ ಮುಂದೆ ಚಾಚುವರು. ಇಲ್ಲವಾದರೆ ಎದ್ದು ತಾವೇ ತೊಳೆದುಕೊಂಡು ಬರುವರು. ಮನೆ ನೋಡಲು ಬಂದ ದಿನ ನನ್ನ ಲೋಟವನ್ನು ಹೀಗೆ ಮೂಸಿ, ನಮ್ಮ ಅಡುಗೆಮನೆಗೆ ನಡೆದು, ನನ್ನ ಕಣ್ಣೆದುರೇ ತಿಕ್ಕಿ ತೊಳೆದರು.

"ಸಿಟ್ಟ ಆದ್ರೇನ್ರಿ ಅಕ್ಕಾರ?"

"ಇಲ್ರಿ," ಎಂದೆ. ಆಗಿತ್ತು.

"ಆಗ್ರಿ, ಏನಿಲ್ಲ. ಮೂವತ್ತು ವರ್ಷ ವಾರ್ಡಿನ್ಯಾಗ ಕಳದೇನಿ. ತೊಳದದ್ದು ಬ್ಯಾರೆ, ಸ್ವಚ್ಛ ಆದದ್ದು ಬ್ಯಾರೆ."

ಅವರು ಮುಂಡಗೋಡ ಕಡೆಯ ಸಿದ್ದಿ ಕ್ರಿಶ್ಚಿಯನ್ ಮನೆತನದವರು. ಮದುವೆಯಾಗಿರಲಿಲ್ಲ. ಮನೆ ಕೊಟ್ಟ ವಾರವೇ ಓಣಿಯ ಒಂದಿಬ್ಬರು, "ಅಂಥವರಿಗ್ಯಾಕ ಕೊಟ್ರಿ?" ಎಂದು ನನ್ನನ್ನು ಕೇಳಿದರು. "ಬಾಡಿಗಿ ಟೈಮಿಗೆ ಕೊಡ್ತಾರ," ಎಂದು ನಾನು ಮಾತು ಹಾರಿಸಿದೆ. ಅದು ಉತ್ತರವಲ್ಲ ಎಂಬುದು ಆಗಲೇ ನನಗೆ ಗೊತ್ತಿತ್ತು.

ಲೋಟ ಒಂದೇ ಅಲ್ಲ, ಸಿಸ್ಟರ್ ಯಾವುದನ್ನೂ ನಂಬುತ್ತಿರಲಿಲ್ಲ. ಹಾಲಿನವನು ಅಳೆದ ಹಾಲನ್ನು ತಮ್ಮ ಪಾತ್ರೆಯಲ್ಲಿ ಮತ್ತೆ ಅಳೆಯುವರು. ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ತಾರೀಖು ಓದಿ, ಅಂಗಡಿಯವನ ಬಾಯಿಯಿಂದಲೂ ಅದನ್ನು ಓದಿಸುವರು. ಮನೆಯ ಪ್ರತಿ ಡಬ್ಬಿಗೂ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿ, ಒಳಗೇನಿದೆ, ಯಾವತ್ತು ತುಂಬಿದ್ದು ಎಂದು ಬರೆದಿಡುವರು. ಉಪ್ಪಿನ ಡಬ್ಬಿಗೂ ಸಹ.

ನನ್ನ ಮನೆಯವರ ವಿಷಯವನ್ನು ಇಲ್ಲಿ ಹೇಳಲೇಬೇಕು. ಅವರು ಪೇಪರ್ ಮಿಲ್ಲಿನ ಬಾಯ್ಲರಿನಲ್ಲಿದ್ದವರು. ಧಾರವಾಡ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ನಾನು ಹದಿನಾಲ್ಕು ವರ್ಷ ಅವರ ಕುಡಿತದೊಂದಿಗೆ ಬಾಳಿದೆ. ಆಮೇಲೆ ಒಂದು ದಿನ ಬಿಟ್ಟರು. ಬಿಟ್ಟು ಹನ್ನೊಂದು ವರ್ಷವಾಗಿದೆ. ಯಾಕೆ ಬಿಟ್ಟಿರಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ, ಕೇಳಿದರೆ ಎಲ್ಲಿ ಮತ್ತೆ ನೆನಪಾಗುವುದೋ ಎಂದು. ನಮ್ಮ ಮನೆಯಲ್ಲಿ ಆ ಮಾತನ್ನೇ ಆಡುತ್ತಿರಲಿಲ್ಲ. ಆದರೆ ಅವರು ಹೊರಗಿನಿಂದ ಬಂದಾಗಲೆಲ್ಲ ಟವೆಲ್ಲು ಕೊಡುವ ನೆಪದಲ್ಲಿ ಹತ್ತಿರ ಹೋಗುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಸಿಸ್ಟರ್ ಬಂದ ಮರುವರ್ಷ, ಮಳೆ ಮುಗಿದ ಮೇಲೆ, ಒಂದು ಸಂಜೆ ಬಟ್ಟಲು ಹಿಡಿದು ಕೆಳಗೆ ಬಂದರು. ಬಟ್ಟಲಲ್ಲಿ ಜವೆಗೋಧಿ, ಅದರ ಮೇಲೆ ಬೂದು ಬಣ್ಣದ ಬೂಸಲು.

"ನೋಡ್ರಿ ಅಕ್ಕಾರ, ಕೊಳತು ಹೋತು. ನಿಮ್ಮ ಹೆಸರುಕಾಳಿಗೆ ಮೊಳಕಿ ಎಷ್ಟ ಛಂದ ಬರತಾವ. ಹೆಂಗ ಮಾಡ್ತೀರಿ?"

ಹೊಗಳಿದರೆ ಯಾರು ಹೇಳಿಕೊಡುವುದಿಲ್ಲ? ಒಂದು ರಾತ್ರಿಗಿಂತ ಹೆಚ್ಚು ನೆನೆಸಬಾರದು, ನೀರು ಪೂರ್ತಿ ಬಸಿಯಬೇಕು, ಹಳೆಯ ಪಂಚೆಯ ತುಂಡಿನಲ್ಲಿ ಸಡಿಲಾಗಿ ಕಟ್ಟಬೇಕು, ಹೊತ್ತೊತ್ತಿಗೆ ನೀರು ಚಿಮುಕಿಸಿ ಕೈಯಾಡಿಸಬೇಕು ಎಂದೆ. ಮೂರನೆಯ ದಿನ ಜವೆಗೆ ಬಿಳಿ ಬಾಲ ಬಂದಿತ್ತು. ಸಿಸ್ಟರ್ ಅದನ್ನು ಅಂಗಳದ ಚಾಪೆಯ ಮೇಲೆ ಒಣಗಿಸಿ, ಹಂಚಿನ ಮೇಲೆ ಹದವಾಗಿ ಹುರಿದರು. ಮನೆ ತುಂಬ ಬಿಸ್ಕಿಟ್ಟಿನಂಥ ಘಮ.

"ಗಂಜಿ ಮಾಡ್ತೀರೇನ್ರಿ?"

"ಗಂಜೀನ ಅನ್ನರಿ," ಎಂದರು.

ಆ 'ಅನ್ನರಿ' ನನ್ನ ಕಿವಿಯಲ್ಲಿ ಉಳಿಯಿತು.

ಅಲ್ಲಿಂದ ಮುಂದೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಕೊರಿಯರಿನವನು ಸಿಸ್ಟರ್ ಹೆಸರಿಗೆ ಸಣ್ಣ ಪೊಟ್ಟಣ ತಂದ. ಸಹಿ ಹಾಕಿ ತೆಗೆದುಕೊಂಡವಳು ನಾನು. ಮೂಸಿದರೆ ಒಣಗಿದ ಹೂವಿನ ಕಟು ವಾಸನೆ. ದೊಡ್ಡ ಬಿಳಿ ಬಕೀಟು ಬಂತು, ಅದರ ಮುಚ್ಚಳಕ್ಕೆ ತೂತು, ತೂತಿಗೆ ಸಲೈನಿನ ನಳಿಕೆ. ಮೆಟ್ಟಿಲು ಒರೆಸುವಾಗ ಒಳಗಿನಿಂದ ಗುಳುಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುಳುಕ್ ಎಂದು ಕೇಳುತ್ತಿತ್ತು. ನಮ್ಮೂರಿಗೆ ಮಿಲ್ಲಿನ ಕಡೆಯಿಂದ ಗಾಳಿ ಬಂದರೆ ಬೇಯಿಸಿದ ಬಿದಿರಿನ ವಾಸನೆ ಬರುತ್ತದೆ. ಇದು ಅದಲ್ಲ. ಇದು ನನಗೆ ಗೊತ್ತಿದ್ದ, ಹೆಸರು ಹೇಳಲು ಇಷ್ಟವಿಲ್ಲದ ವಾಸನೆ.

ಅದೇ ಹೊತ್ತಿಗೆ ನನ್ನ ಮನೆಯವರು ಮೇಲೆ ಹೋಗತೊಡಗಿದರು.

"ಎಲ್ಲಿಗೆ ಹೊಂಟ್ರಿ?"

"ಸಿಸ್ಟರ್ ಮನಿ ನಳ ಸೋರಾಕತ್ತೈತಿ."

ಒಂದು ರವಿವಾರ ನಳ. ಮೂರು ವಾರ ಬಿಟ್ಟು ಮತ್ತೆ ನಳ. ಹೋದರೆ ಎರಡು ತಾಸು. ಇಳಿದು ಬರುವಾಗ ಬೆನ್ನು ಪೂರ್ತಿ ಬೆವತಿರುತ್ತಿತ್ತು, ಮುಖದಲ್ಲಿ ಒಂದು ಗೆಲುವು. ಮಿಲ್ಲು ಬಿಟ್ಟ ಮೇಲೆ ನಾನು ಆ ಮುಖವನ್ನು ನೋಡಿರಲಿಲ್ಲ. ಒಮ್ಮೆ ಸಿಳ್ಳೆ ಕೂಡ ಹಾಕಿದರು. ನಳ ರಿಪೇರಿ ಮಾಡಿದವರು ಸಿಳ್ಳೆ ಹಾಕುತ್ತಾರೆಯೇ? ಟವೆಲ್ಲು ಕೊಡಲು ಹತ್ತಿರ ಹೋದೆ. ಬಾಯಿಯಲ್ಲಿ ಏನೂ ಇರಲಿಲ್ಲ. ಅಂಗಿಯಲ್ಲಿ ಗಂಜಿಯ ಬಿಸಿ ವಾಸನೆ. ಆ ರಾತ್ರಿಯೂ ಎಂದಿನಂತೆ ಅವರ ಉಸಿರು ಏಕರೀತಿ ಆಗುವ ತನಕ ನಾನು ಕಣ್ಣು ಮುಚ್ಚಲಿಲ್ಲ.

ನೇರವಾಗಿ ಕೇಳುವ ಬದಲು ನಾನು ಸುತ್ತು ಹಾಕಿ ಕೇಳಿದೆ, ಅದೂ ಕೆಟ್ಟದಾಗಿ. ಸಿಸ್ಟರ್ ಬಟ್ಟೆ ಒಣಗಿಸುತ್ತಿದ್ದಾಗ, "ನಿಮ್ಮ ಮಂದಿ ಕಡೆ ಮನ್ಯಾಗ ಏನೇನೋ ಕಾಸ್ತಾರ ಅಂತಲ್ರಿ?" ಎಂದೆ.

ಅವರು ಬಟ್ಟೆಗೆ ಕ್ಲಿಪ್ಪು ಹಚ್ಚುವುದನ್ನು ನಿಲ್ಲಿಸಲಿಲ್ಲ. "ನಮ್ಮವ್ವ ಚಹಾ ಸುದ್ದಾ ಕಡಕ್ ಮಾಡತಿದ್ದಿಲ್ಲರಿ. ನಮ್ಮ ಮನ್ಯಾಗ ಒಬ್ಬರೂ ಮುಟ್ಟಿದವರಿಲ್ಲ. ನಾ ಬೀರ್ ಮಾಡೂದು ಕಲ್ತದ್ದು ಮೊಬೈಲಿನ್ಯಾಗ. ಹೇಳಿಕೊಟ್ಟಾವ ಬೆಳ್ಳನ್ನ ಸಾಹೇಬ, ಕೆಂಪ ಗಡ್ಡ. ಅವನ ಮಂದೀನ ಕೇಳ್ರಿ."

ನನಗೆ ತಲೆ ಎತ್ತಲಾಗಲಿಲ್ಲ. ಆದರೆ ಬೀರ್ ಎಂಬ ಶಬ್ದ ಅವರ ಬಾಯಿಂದಲೇ ಬಂದಿತ್ತು, ಅಷ್ಟು ಸಲೀಸಾಗಿ, ನನಗೆ ಮೊದಲೇ ಗೊತ್ತಿದ್ದಂತೆ. ಆ ಸಲೀಸುತನ ಕಂಡು ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಇವರೇನು, ನನ್ನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವೇ ಎಂದು ಎರಡು ದಿನ ಒಳಗೊಳಗೇ ಕುದಿದೆ. ನನ್ನ ಕೈಯಿಂದ ಮೊಳಕೆ ಕಲಿತು, ನನ್ನ ಗಂಡನನ್ನು ಮೇಲೆ ಕರೆಸಿ! ಕೇಳೋಣವೆಂದರೆ ನಮ್ಮ ಮನೆಯಲ್ಲಿ ಆ ಮಾತು ಆಡುವ ರೂಢಿಯೇ ಇರಲಿಲ್ಲ.

ಮೂರನೆಯ ದಿನ ಸಿಸ್ಟರ್ ಗಾಜಿನ ಬರಣಿ ಹಿಡಿದು ಬಂದರು. ಒಳಗೆ ಕೆನೆ ಬಣ್ಣದ ಗಟ್ಟಿ, ಮೇಲೆ ತೆಳ್ಳನೆ ನೀರು. ಪಟ್ಟಿಯ ಮೇಲೆ ಬರೀ ತಾರೀಖು.

"ಅಕ್ಕಾರ, ಇದು ಹೆಪ್ಪು. ನಿಮ್ಮ ಫ್ರಿಜ್ಜಿನ್ಯಾಗ ಇರ್ಲಿ. ನಾ ಕೇಳಿದಾಗ ನೀವ ತಂದು ಕೊಡ್ರಿ. ಬ್ಯಾರೆಯವರ ಕೈಯಾಗ ಕೊಡಬ್ಯಾಡ್ರಿ."

ಹೆಪ್ಪು ಎಂದರೆ ನಮಗೆ ಒಂದೇ, ಮೊಸರಿನದು. ಆದರೆ ಅವರ ಫ್ರಿಜ್ಜು ಕೆಟ್ಟಿರಲಿಲ್ಲ. ಹಿಂದಿನ ದಿನವೇ ಅದರಿಂದ ಐಸು ತಂದುಕೊಟ್ಟಿದ್ದರು. ಮತ್ತೆ ನನ್ನದರಲ್ಲಿ ಯಾಕೆ? ತಪ್ಪು ಮಾಡಿದವರು ಮೊಸರು ಕೊಟ್ಟು ಸ್ನೇಹ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಬರಣಿಯನ್ನು ಹಿಂದಿನ ಮೂಲೆಗೆ ತಳ್ಳಿದೆ.

ಬರಣಿ ಬಂದ ನಾಲ್ಕನೆಯ ಸಂಜೆ ನಮ್ಮ ಮೊಸರು ಮುಗಿದಿತ್ತು, ಹೆಪ್ಪಿಗೂ ಉಳಿದಿರಲಿಲ್ಲ. ಹಾಲು ಉಗುರುಬೆಚ್ಚಗೆ ಮಾಡಿ ಆ ಬರಣಿಯಿಂದ ಎರಡು ಚಮಚ ಹಾಕಿ ಮುಚ್ಚಿಟ್ಟೆ. ಆ ದಿನ ನನಗೆ ನೆಗಡಿ, ಮೂಗು ಕಟ್ಟಿತ್ತು. ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು, ತಳದಲ್ಲಿ ಕೆಸರಿನಂಥ ಗೆರೆ. ಹೆಪ್ಪು ಹಿಡಿದಿಲ್ಲವೆಂದು ಪಾತ್ರೆ ಅಲುಗಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಮನೆಯವರು ನೀರು ಕುಡಿಯಲು ಒಳಗೆ ಬಂದು ಹೊಸ್ತಿಲಲ್ಲೇ ನಿಂತರು. ಚೌಕಟ್ಟು ಹಿಡಿದುಕೊಂಡರು. ಮೂಗರಳಿಸಿ ಪಾತ್ರೆಯ ಕಡೆ ನೋಡಿದರು.

"ಇದನ್ನ ಒಳಗ ಯಾರು ತಂದ್ರು?" ಎಂದರು, ಬಹಳ ಸಣ್ಣ ದನಿಯಲ್ಲಿ. ನೀರು ಕುಡಿಯದೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕುಳಿತರು.

ಆಗ ನನಗೆ ಅರ್ಥವಾಯಿತು, ಅದು ಮೊಸರಿನ ಹೆಪ್ಪಲ್ಲ, ಬೀರಿನದು. ಒಂಬತ್ತು ವರ್ಷ ಹೊಸ್ತಿಲು ದಾಟಗೊಡದೆ ಕಾದದ್ದನ್ನು ನಾನೇ ನನ್ನ ಕೈಯಾರೆ ಅಡುಗೆಮನೆಗೆ ತಂದು, ಹಾಲಿಗೆ ಹಾಕಿ, ಮಧ್ಯಾಹ್ನ ಅವರಿಗೆ ಮಜ್ಜಿಗೆ ಎಂದು ಬಡಿಸಲಿದ್ದೆ.

ಬರಣಿ ಎತ್ತಿಕೊಂಡು ಮೇಲೆ ಹತ್ತಿದೆ. ಚಪ್ಪಲಿ ಹಾಕಿದ್ದೆನೋ ಇಲ್ಲವೋ ನೆನಪಿಲ್ಲ. ಸಿಸ್ಟರ್ ಬಾಟಲಿಗಳನ್ನು ಕುದಿಯುವ ನೀರಿನಿಂದ ಇಕ್ಕಳದಲ್ಲಿ ಎತ್ತಿ ಎತ್ತಿ ಬೋರಲು ಹಾಕುತ್ತಿದ್ದರು.

"ನನ್ನ ಗಂಡಗ ಕುಡಸಾಕ ನನ್ನ ಮನೀನ ಸಿಕ್ತೇನ್ರಿ ನಿಮಗ?" ಎಂದೆ. ಮಾತು ಅಷ್ಟು ಜೋರಾಗಿ ಹೊರಟದ್ದು ನನಗೇ ಹೊಸದು. ನಳ, ಸಿಳ್ಳೆ, ಹಾಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಸಿಸ್ಟರ್ ಇಕ್ಕಳ ಕೆಳಗಿಟ್ಟರು. "ನಳ ಅಂದ್ರ?"

"ರಿಪೇರಿ ಮಾಡಾಕ ಬರ್ತಾರಲ್ಲ."

"ನನ್ನ ನಳ ಸೋರಿದ್ದ ಇಲ್ಲ." ಒಲೆ ಆರಿಸಿ ಕೇಳಿದರು: "ನಿಮಗ ಹೇಳಿಲ್ಲೇನು ಅಣ್ಣಾರು? ನಾ ಕೇಳಿದ್ದೆ. ಮನಿಯಾಕಿಗೆ ಹೇಳೇನಿ, ಅಕಿ ಹೂಂ ಅಂದಾಳ ಅಂದ್ರಲ್ಲ."

ನಾನು ಅಲ್ಲೇ ಕುಕ್ಕರಿಸಿದೆ. ಅವರು ಕುರ್ಚಿ ಕೊಡಲಿಲ್ಲ, ಎದುರಿಗೆ ತಾವೂ ನೆಲಕ್ಕೇ ಕುಳಿತರು, ಬಿಡಿಸಿ ಹೇಳಿದರು. ಮೊಳಕೆಯ ಜವೆಯನ್ನು ತರಿಯಾಗಿ ಒಡೆದು ಬಿಸಿನೀರಿನಲ್ಲಿ ಒಂದು ತಾಸು ಇಡಬೇಕು. ನೀರು ಕುದಿಯಲೂಬಾರದು, ಆರಲೂಬಾರದು. ಸಿಸ್ಟರಿಗೆ ಅದು ಕೈಗೂಡುತ್ತಿರಲಿಲ್ಲ, ಎರಡು ಸಲ ಕೆಟ್ಟಿತು. ಮಿಲ್ಲಿನ ಬಾಯ್ಲರಿನಲ್ಲಿದ್ದ ಮನುಷ್ಯನಿಗೆ ಅದು ಬೆರಳ ತುದಿಯ ಕೆಲಸ. ಬರ್ನರು ಒಂದು ಎಳೆ ಏರಿಸಿ, ಒಂದು ಎಳೆ ಇಳಿಸಿ, ಥರ್ಮಾಮೀಟರ್ ಕದಲದಂತೆ ಹಿಡಿಯುತ್ತಿದ್ದರು. ಆಮೇಲೆ ಸೋಸುವುದು, ಕೊರಿಯರಿನಲ್ಲಿ ಬಂದ ಆ ಕಹಿ ಹೂವು ಹಾಕಿ ಮತ್ತೊಂದು ತಾಸು ಕುದಿಸುವುದು, ನೀರಿನ ತೊಟ್ಟಿಯಲ್ಲಿಟ್ಟು ಬೇಗ ಆರಿಸುವುದು. ಅಲ್ಲಿಗೆ ನನ್ನ ಮನೆಯವರ ಕೆಲಸ ಮುಗಿಯಿತು, ಅವರನ್ನು ಕೆಳಗೆ ಕಳಿಸಿ ಸಿಸ್ಟರ್ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಹೆಪ್ಪು ಹಾಕೂ ತನಕ ಅದು ಗಂಜಿ, ಅಕ್ಕಾರ. ಅದರಾಗ ನಶೆ ಇಲ್ಲ, ಏನಿಲ್ಲ. ಹೆಪ್ಪು ಬಿದ್ದ ಮ್ಯಾಲೆ ದಾರು. ಅದಕ್ಕ ಹೆಪ್ಪು ನನ್ನ ಮನ್ಯಾಗ ಇಡಬಾರದು, ನಿಮ್ಮ ಕೈಯಾಗ ಇರಬೇಕು ಅಂತ ಕೊಟ್ಟೆ. ನೀವು ತಂದು ಕೊಟ್ಟರ ಅಷ್ಟ ಅದು ದಾರು ಆಗಬೇಕು. ನಿಮಗ ಎಲ್ಲಾ ಗೊತ್ತೈತಿ ಅಂತ ತಿಳದು ಕೊಟ್ಟೆ."

"ಅವರು ಕುಡದಿಲ್ಲ ಅಂತ ಹೆಂಗ ನಂಬಲಿ?"

"ನಂಬಬ್ಯಾಡ್ರಿ," ಎಂದರು ಸಿಸ್ಟರ್. "ನಾನೂ ನಂಬಿಲ್ಲ. ಬಾಟ್ಲಿ ಇಟ್ಟ ಕಪಾಟಕ್ಕ ಕೀಲಿ ಹಾಕೇನಿ. ನಾ ಕಂಡಂಗ ಕುಡದಿಲ್ಲ, ಅಷ್ಟ ಹೇಳಬಹುದು."

ನಾನು ಬಯಸಿದ ಮಾತು ಅದಲ್ಲ. ಇಲ್ಲ ಅಕ್ಕಾರ, ಅವರು ದೇವರಂಥವರು ಎಂದಿದ್ದರೆ ಆ ಹೊತ್ತಿಗೆ ಸಮಾಧಾನವಾಗುತ್ತಿತ್ತು, ಇಳಿದು ಬಂದ ಮೇಲೆ ಮತ್ತೆ ಅನುಮಾನ ಹತ್ತುತ್ತಿತ್ತು. ಈ ಮಾತು ಹಾಗೆ ಮೋಸ ಮಾಡಲಿಲ್ಲ.

ಸಿಸ್ಟರ್ ತಾವೇ ನನ್ನ ಜೊತೆ ಕೆಳಗೆ ಬಂದರು. ಒಗೆಯುವ ಕಲ್ಲಿನ ಮುಂದೆ ನಿಂತು, "ಬಾಯ್ಲರ್ ಅಣ್ಣಾರ, ಕೈ ಎಷ್ಟ ತೊಳಕೊಂಡ್ರೂ ಸುಳ್ಳು ಹೋಗೂದಿಲ್ಲ. ನನ್ನ ಮನಿಗೆ ಬರಬ್ಯಾಡ್ರಿ," ಎಂದರು.

ನನ್ನ ಮನೆಯವರು ತಲೆ ತಗ್ಗಿಸಿದರು. "ಹೇಳಿದ್ರ ಇಕಿ ಬ್ಯಾಡ ಅಂತಿದ್ಲು. ಕೈಗೆ ಕೆಲಸ ಸಿಕ್ಕಿತ್ತು, ಸಿಸ್ಟರ್. ಅಷ್ಟ."

ಅವರಿಗೆ ಕೆಲಸ ಬೇಕಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವರು ಕುಡಿಯುತ್ತಾರೋ ಇಲ್ಲವೋ ಎಂದಷ್ಟೇ ನಾನು ಒಂಬತ್ತು ವರ್ಷ ನೋಡಿದ್ದೆ.

ತಿಂಗಳೊಪ್ಪತ್ತು ಮೂವರೂ ಸರಿಯಾಗಿ ಮಾತಾಡಲಿಲ್ಲ. ಕಡೆಗೆ ನಾನೇ ಮೇಲೆ ಹೋಗಿ, ಹೆಪ್ಪು ನನ್ನ ಕಡೆಯೇ ಇರಲಿ, ನನ್ನ ಮನೆಯವರೂ ಬರಲಿ ಎಂದೆ. ಸಿಸ್ಟರ್ ನನ್ನ ಮುಖವನ್ನು ಔಷಧಿಯ ಪಟ್ಟಿ ಓದಿದಂತೆ ಓದಿದರು. ಆಮೇಲೆ ಒಂದು ಚಮಚದಷ್ಟು ಬೀರನ್ನು ಬಟ್ಟಲಿಗೆ ಹಾಕಿ ನನ್ನ ಮುಂದಿಟ್ಟರು.

"ಯಾವುದನ್ನ ಕಾಯಾಕತ್ತೀರಿ ಅಂತ ನಿಮಗ ಗೊತ್ತಿರಬೇಕು. ನಾಲಿಗಿಗೆ ಹಚ್ಚಿ ಉಗಳ್ರಿ."

ಹಾಗಲಕಾಯಿಯ ನೀರಿಗೆ ಸೋಡಾ ಬೆರೆಸಿದಂತಿತ್ತು. ಇದಕ್ಕಾಗಿ ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಕಳ್ಳಭಟ್ಟಿ ಕುಡಿದು ಕಣ್ಣು ಕಳೆದುಕೊಂಡವರನ್ನು ವಾರ್ಡಿನಲ್ಲಿ ನೋಡಿದ ಮೇಲೆ, ತಾವು ಕಾಣದ ಕೈಯಿಂದ ಬಂದದ್ದನ್ನು ಕುಡಿಯಲು ಅವರಿಗೆ ಮನಸ್ಸಾಗುತ್ತಿರಲಿಲ್ಲವಂತೆ. ರವಿವಾರ ಸಂಜೆ ಒಂದೇ ಒಂದು ಲೋಟ ಅವರಿಗೆ ಬೇಕು. ಲೈಸೆನ್ಸ್ ಇಲ್ಲದೆ ಮಾಡಬಹುದೇ ಎಂದೆ. "ಕಾನೂನು ಕೇಳಿದ್ರ ನಂದ ತಪ್ಪು," ಎಂದರು. ಅದನ್ನೂ ಮುಚ್ಚಿಡಲಿಲ್ಲ. ಮನೆ ನನ್ನದಾದ್ದರಿಂದ ಆ ಭಯ ಬೇರೆ ನನಗೆ ಕೊನೆಯ ತನಕ ಇದ್ದೇ ಇತ್ತು. ಬಾಗಿಲಲ್ಲಿ ಬೈಕು ನಿಂತರೆ ಕಿಟಕಿಯಿಂದ ಇಣುಕುತ್ತಿದ್ದೆ.

ಹೀಗೆ ಎರಡು ವರ್ಷ ನಡೆಯಿತು. ನನ್ನ ಮನೆಯವರು ಮೆಟ್ಟಿಲು ಇಳಿಯುವಾಗ ನಾನು ಬರಣಿ ಹಿಡಿದು ಹತ್ತುತ್ತಿದ್ದೆ. ಮಧ್ಯದ ಮೆಟ್ಟಿಲಲ್ಲಿ ನಿಂತು ಅವರು ಬಾಯಿ ತೆಗೆದು "ಹಾ" ಎನ್ನುವರು. ಮೊದಮೊದಲು ಸಿಟ್ಟಿನಿಂದ, ಆಮೇಲೆ ಅಣಕಿಸುತ್ತ. "ಇನಿಸ್ಪೆಕ್ಟರ್ ಬಾಯಾರ, ಪಾಸ್ ಏನು?" ಎನ್ನುವರು. ಮೇಲಿನಿಂದ ಸಿಸ್ಟರ್, "ಲಗೂನ ಬರ್ರಿ, ಆರಿ ಹೊಂಟೈತಿ," ಎಂದು ಕೂಗುವರು. ಅನುಮಾನ ಪಡುವುದು ಬೈಗುಳವಲ್ಲ, ಕೈ ತೊಳೆದುಕೊಂಡ ಹಾಗೆ, ಎದುರಿಗೇ ಮಾಡಬೇಕು, ಕದ್ದು ಮಾಡಬಾರದು ಎಂದು ಸಿಸ್ಟರ್ ಒಮ್ಮೆ ನನಗೆ ಹೇಳಿದ್ದರು. ಟವೆಲ್ಲಿನ ನೆಪ ಬಿಟ್ಟದ್ದು ಆಮೇಲೆಯೇ.

ಈ ಸಲ ನಾನು ಬರಣಿ ಕೊಟ್ಟ ಮೂರನೆಯ ದಿನ ಸಿಸ್ಟರ್ ತಂಗಿಯ ಮನೆಗೆಂದು ಚಿಗಳ್ಳಿಗೆ ಹೋದರು. ಕೀಲಿ ನನ್ನ ಕೈಗೆ ಕೊಟ್ಟರು. ಮರುದಿನ ಬೆಳಗ್ಗೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡು ಒರಗಿದವರು ಏಳಲಿಲ್ಲ ಎಂದು ಫೋನು ಬಂತು. ನಾವಿಬ್ಬರೂ ಬಸ್ಸು ಬದಲಿಸಿ ಬದಲಿಸಿ ಹೋದೆವು. ಮಣ್ಣು ಕೊಟ್ಟು ಬಂದೆವು. ಅಲ್ಲಿ ಯಾರೋ ನೀರು ಕೊಟ್ಟಾಗ ಇವರು ಲೋಟ ಹಿಡಿದು ಸುಮ್ಮನೆ ಕುಳಿತೇಬಿಟ್ಟರು. ನಾನೇ ತೆಗೆದುಕೊಂಡು ಕುಡಿಸಿದೆ.

ತಿರುಗಿ ಬಂದ ಮೇಲೆ ಮೇಲಿನ ಮನೆಯಲ್ಲಿ ಒಂದು ತುಂಬಿದ ಬಕೀಟು, ಕೆಳಗೆ ನಾವಿಬ್ಬರು. ಕೀಲಿ ಅಡುಗೆಮನೆಯ ಮೊಳೆಗೆ ತೂಗುತ್ತಿತ್ತು. ಹನ್ನೆರಡು ದಿನ ಇಬ್ಬರೂ ಅದರ ಮಾತೆತ್ತಲಿಲ್ಲ. ಕೀಲಿಯ ಹಲ್ಲು ಎಡಕ್ಕೆ ಇರುವಂತೆ ತೂಗಿಸಿ, ದಿನಾ ಎದ್ದ ಕೂಡಲೇ ನೋಡುತ್ತಿದ್ದೆ. ಎಡಕ್ಕೇ ಇರುತ್ತಿತ್ತು. ಆದರೂ ಸಮಾಧಾನವಿಲ್ಲ, ತೆಗೆದು ಮತ್ತೆ ಎಡಕ್ಕೇ ತೂಗಿಸಬಹುದಲ್ಲ?

ಇವತ್ತು ಹಳಿಯಾಳಕ್ಕೆ ಹೊರಡುವಾಗ ಕೀಲಿಯನ್ನು ಪರ್ಸಿಗೆ ಹಾಕಿಕೊಂಡೆ. ಹೊಸ್ತಿಲು ದಾಟಿದವಳು ತಿರುಗಿ ಬಂದು ಮೊಳೆಗೆ ಹಾಕಿದೆ.

"ಕದ್ದು ಒಯ್ಯಾಕ ಹತ್ತಿದ್ದೆ. ಇಲ್ಲೇ ಬಿಟ್ಟು ಹೋಗ್ತೇನಿ," ಎಂದೆ. "ಆದ್ರ ನನಗ ನಿಮ್ಮ ಮ್ಯಾಲೆ ಅನುಮಾನ ಐತಿ."

ಮನೆಯವರು ಪೇಪರಿನಿಂದ ಮುಖ ಎತ್ತಲಿಲ್ಲ. "ಇರ್ಲಿ. ನನಗೂ ಐತಿ," ಎಂದರು.

ಹಳಿಯಾಳದಲ್ಲಿ ಹೊಸ ಚಷ್ಮಾ ಹಾಕಿ ಬೋರ್ಡು ಓದಿಸಿದರು. ಏನು ಓದಿದೆನೋ. ಒಂದೂವರೆಯ ಬಸ್ಸು ದಾಂಡೇಲಿಯ ನಿಲ್ದಾಣ ಮುಟ್ಟಿದಾಗ ಇವರು ಕಂಬಕ್ಕೆ ಒರಗಿ ನಿಂತಿದ್ದರು. ನನ್ನನ್ನು ಕರೆದೊಯ್ಯಲು ಒಂದು ದಿನವೂ ನಿಲ್ದಾಣಕ್ಕೆ ಬಂದವರಲ್ಲ. ಅಂಗಿಯ ಗುಂಡಿ ಒಂದು ತಪ್ಪಿತ್ತು. ಹತ್ತಿರ ಹೋದೆ.

"ಕುಡದೀರೇನು?" ಎಂದೆ, ಜನರ ನಡುವೆಯೇ.

"ಇಲ್ಲ." ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಕೀಲಿ, ಅದರ ಅಚ್ಚು ಮೂಡಿತ್ತು. "ಬಾಗಲಾ ತಗದಿದ್ದೆ. ವಾಸನಿ ಬಂತು. ಒಳಗ ಕಾಲಿಡಲಿಲ್ಲ. ಕೀಲಿ ಹಾಕಿ ಸೀದಾ ಇಲ್ಲಿ ಬಂದೆ. ಹನ್ನೊಂದೂವರಿಯಿಂದ ಇಲ್ಲೇ ನಿಂತೇನಿ."

ನಿಲ್ದಾಣದ ಚಹಾ ಅಂಗಡಿಯವನು ನಕ್ಕು, "ಹೌದ್ರಿ ಬಾಯಾರ, ನಾಕು ಚಹಾ ಆದ್ವು. ಎಲ್ಲಾ ಬಸ್ ಎದ್ದು ಎದ್ದು ನೋಡಾಕತ್ತಿದ್ರು," ಎಂದ.

ಅವನನ್ನು ಕೇಳಬೇಕೆಂದಿದ್ದೆ, ಕೇಳುವ ಮೊದಲೇ ಹೇಳಿದ.

ಮನೆಗೆ ಬಂದು ಇಬ್ಬರೂ ಒಟ್ಟಿಗೆ ಮೇಲೆ ಹತ್ತಿದೆವು. ಬಕೀಟಿನ ಮುಚ್ಚಳ ನಾನು ತೆಗೆದೆ, ಭಾರ ಅವರು ಎತ್ತಿದರು. ಬಚ್ಚಲಿನ ಮೋರಿಗೆ ಒಂದೇ ಸಮನೆ ಸುರಿಯುವಾಗ ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದರು. "ಈ ಸಲದ್ದು ಛಲೋ ಆಗಿತ್ತು. ಒಂದು ಡಿಗ್ರಿ ಆಕಡೆ ಈಕಡೆ ಹೋಗಗೊಟ್ಟಿದ್ದಿಲ್ಲ," ಎಂದರು. ಸಿಸ್ಟರ್ ಇದ್ದಿದ್ದರೆ ಖುಷಿಪಡುತ್ತಿದ್ದರು ಎಂದು ನಾನು ಹೇಳಲಿಲ್ಲ. ಇಬ್ಬರೂ ಸೇರಿ ಬಕೀಟು ತಿಕ್ಕಿದೆವು, ಕುದಿಯುವ ನೀರು ಹಾಕಿ ಮತ್ತೊಮ್ಮೆ ತಿಕ್ಕಿದೆವು.

ಸಂಜೆ ನನಗೆ ಅಡುಗೆ ಬೇಡವೆನ್ನಿಸಿತ್ತು. ಇವರೇ ಒಲೆಯ ಮುಂದೆ ನಿಂತರು. ಉರಿ ಸಣ್ಣಗೆ ಹಿಡಿದು ಅನ್ನ ಮಾಡಿದರು, ತೊಗರಿ ಬೇಳೆಯ ಕಟ್ಟು ಕುದಿಸಿದರು, ಎರಡು ಹಪ್ಪಳ ಸುಟ್ಟರು. ಜೊತೆಗೆ ನಿನ್ನೆಯ ಬದನೆಕಾಯಿ ಪಲ್ಯ. ಕಟ್ಟಿನಲ್ಲಿ ಉಪ್ಪು ಕಡಿಮೆಯಾಗಿತ್ತು, ಹೇಳಿದೆ, ಹಾಕಿಕೊಟ್ಟರು. ಈಗ ಅವರು ಮುಂದಿನ ಕೋಣೆಯಲ್ಲಿ ಮೊಬೈಲು ನೋಡುತ್ತಿದ್ದಾರೆ, ಇನ್ನೂ ಒಂದು ತಾಸು ಏಳುವವರಲ್ಲ. ನನಗೆ ಕಣ್ಣು ಎಳೆಯುತ್ತಿದೆ. ಚಾದರ ಒಣಗಿವೆ, ಹಾಸಿದ್ದೇನೆ. ಇವತ್ತು ನಾನೇ ಮೊದಲು ಮಲಗುತ್ತೇನೆ.